‘ತಂಗೀ’ ಎಂದು ಕರೆಯುವ ಪ್ರೋಗ್ರಾಮನ್ನು ಅಳಿಸದಿರುವ ಕುರಿತು

“ಇದ್ಯಾರ್ರೀ ನನ್ನ ತಂಗೀ ಅಂತ ಕರೆದಿದ್ದು?”
(ತಾವು, ಸೋಮವಾರ ಹನ್ನೊಂದು ಗಂಟೆಗೆ, ಇಬ್ಬರು ಅತಿಥಿಗಳ ಎದುರು, ಕಂಪ್ಯೂಟರ್ ಪರದೆಯನ್ನು ನೋಡುತ್ತಾ.)

ಇಂದ,
ಹಿರಿಯ ಪ್ರೋಗ್ರಾಮರ್ (ಇನ್ನು ಮುಂದೆ ‘ಅರ್ಜಿದಾರಳು’),
ಎರಡನೇ ಮಹಡಿ, ಕಂಬದ ಪಕ್ಕದ ಮೇಜು,
ಜೀವವಿಮಾ ಕಚೇರಿ.

ಗೆ,
ಹೊಸ ವ್ಯವಸ್ಥಾಪಕರು,
ಮೇನ್‌ಫ್ರೇಮ್ ಕಂಪ್ಯೂಟರ್ ವಿಭಾಗ, ಅದೇ ಮಹಡಿ, ಗಾಜಿನ ಕೋಣೆ.

ವಿಷಯ: ಮೇಲ್ಕಂಡ ಪ್ರಶ್ನೆಗೆ ಉತ್ತರ, ಹಾಗೂ ಉತ್ತರಕ್ಕೆ ಕಾರಣರಾದವರನ್ನು ಉಳಿಸಿಕೊಡುವ ಬಗ್ಗೆ.

ಉಲ್ಲೇಖ:
೧. ಸುತ್ತೋಲೆ ಸಂಖ್ಯೆ ಹದಿನಾಲ್ಕು: “ಬಿಲ್ಲು, ಮಾಲೀಕರು ಇಲ್ಲದ ಪುಕ್ಕಟೆ ಪ್ರೋಗ್ರಾಮುಗಳನ್ನೆಲ್ಲ ಶುಕ್ರವಾರ ಸಂಜೆ ಐದಕ್ಕೆ ಅಳಿಸತಕ್ಕದ್ದು.”
೨. ತಮ್ಮ ಮಾವನವರ ದೂರವಾಣಿ ಕರೆ, ಗುರುವಾರ.

ಮಾನ್ಯರೇ,

ಅರ್ಜಿದಾರಳು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ತಮ್ಮನ್ನು ತಂಗೀ ಎಂದು ಕರೆದದ್ದು ‘ನೋಡು’ ಎಂಬ ಪ್ರೋಗ್ರಾಮು. ಪ್ರೋಗ್ರಾಮು ಬರೆಯುವ ನಮ್ಮ ಎಡಿಟರಿನಲ್ಲಿ ಒಂದು ಸಾಲಿಗೆ ಎಂಬತ್ತು ಮನೆ. ಮನೆಗೊಂದು ಅಕ್ಷರ. ಆದರೆ ಯಂತ್ರ ಓದುವುದು ಎಪ್ಪತ್ತೆರಡನೇ ಮನೆಯವರೆಗೆ ಮಾತ್ರ. ಅದರಾಚೆ ಬರೆದದ್ದು ನಮ್ಮ ಕಣ್ಣಿಗೆ ಕಾಣುತ್ತದೆ, ಯಂತ್ರಕ್ಕೆ ಕಾಣುವುದಿಲ್ಲ. ಕಾಣಲಿಲ್ಲ ಎಂದು ಅದು ಹೇಳುವುದೂ ಇಲ್ಲ. ಓದಿದಷ್ಟನ್ನೇ ನಂಬಿಕೊಂಡು ಮುಂದೆ ಹೋಗುತ್ತದೆ. ಆದ್ದರಿಂದ ಇಲ್ಲಿ ಕೆಲಸ ಮಾಡುವವರೆಲ್ಲ ಬರೆದು ಮುಗಿಸಿದ ಮೇಲೆ ‘ನೋಡು’ ಎಂದು ಟೈಪ್ ಮಾಡುತ್ತಾರೆ. ಯಾವುದಾದರೂ ಸಾಲು ಉದ್ದವಾಗಿದ್ದರೆ, ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮದೇ ಮಾತು ಬರುತ್ತದೆ: “ತಂಗೀ, ಗೆರೆ ದಾಟಿದೀಯ ನೋಡು.” ಗಂಡಸು, ಹೆಂಗಸು, ಮೇಲಧಿಕಾರಿ ಎಂಬ ಭೇದ ಅದಕ್ಕಿಲ್ಲ. ಎದುರು ಮೇಜಿನ ಮೀಸೆಯವರು ಹದಿನೆಂಟು ವರ್ಷದಿಂದ ತಂಗಿಯಾಗಿದ್ದಾರೆ. ಇದುವರೆಗೆ ದೂರು ಕೊಟ್ಟಿಲ್ಲ.

೨. ತಾವು ಸೋಮವಾರವೇ “ಮೊದ್ಲು ಅದರ ಬಾಯಿ ಮುಚ್ಚಿಸಿ” ಎಂದಿರಿ. ಅರ್ಜಿದಾರಳು ಮುಚ್ಚಿಸಿದಳು.

೩. ಮಂಗಳವಾರ ಅರ್ಜಿದಾರಳು ಸಂತಾಪ ಪತ್ರಗಳ ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿದಳು. ಗ್ರಾಹಕರು ಜೀವಂತ ಅಲ್ಲ ಎಂದಾದರೆ ಮನೆಯವರಿಗೆ ಸಂತಾಪ ಪತ್ರ ಕಳುಹಿಸು ಎಂಬುದು ಆ ಸಾಲಿನ ತಾತ್ಪರ್ಯ. ಅದರಲ್ಲಿ ‘ಅಲ್ಲ’ ಎಂಬುದು ಹೋಗಿ ಎಪ್ಪತ್ತಮೂರನೇ ಮನೆಯಲ್ಲಿ ಕೂತಿತು. ಇಪ್ಪತ್ತಾರು ವರ್ಷ ಸರ್ವಿಸ್ ಆದವಳು ನೋಡಿಕೊಳ್ಳಬೇಕಿತ್ತು, ನೋಡಲಿಲ್ಲ. ನೋಡುವವನ ಬಾಯಿ ಮುಚ್ಚಿತ್ತು. ಆ ಕಾರಣ ಯಂತ್ರ ‘ಜೀವಂತ’ ಎಂದಷ್ಟೇ ಓದಿತು, ಆರುನೂರ ಹನ್ನೆರಡು ಮಂದಿ ಆರೋಗ್ಯವಂತರ ಮನೆಗೆ ಸಂತಾಪ ತಲುಪಿತು. ಅವರಲ್ಲಿ ತಮ್ಮ ಮಾವನವರೂ ಒಬ್ಬರು.

೪. ಗುರುವಾರ ಮಾವನವರು ಫೋನ್ ಮಾಡಿದಾಗ ತಾವು ಮೀಟಿಂಗಿನಲ್ಲಿದ್ದಿರಿ. ಕರೆ ಅರ್ಜಿದಾರಳಿಗೆ ಬಂತು. ಅವರು ಹೇಳಿದ್ದನ್ನು ಯಥಾವತ್ತಾಗಿ ನಿವೇದಿಸಲಾಗಿದೆ:
“ಏನಮ್ಮಾ, ನಾನು ಹೋಗಿದ್ದು ನಿಮಗೆ ಯಾವಾಗ ಗೊತ್ತಾಯ್ತು? ನನಗೆ ಇವತ್ತೇ ಗೊತ್ತಾಗಿದ್ದು.”
“ಕ್ಷಮಿಸಿ ಸಾರ್, ಒಂದು ಸಾಲು ಗೆರೆ ದಾಟಿಬಿಡ್ತು.”
“ನಾನಿನ್ನೂ ದಾಟಿಲ್ಲ ಅಂತ ನಮ್ಮ ಅಳಿಯಂಗೆ ಹೇಳಿ. ಪತ್ರ ಮಾತ್ರ ಚೆನ್ನಾಗಿದೆ, ಇಟ್ಕೊಂಡಿರ್ತೀನಿ. ನಕಲು ಬೇಕಾದ್ರೆ ಕಳಿಸ್ತೀನಿ.”
ಇದಾದ ಮೇಲೆ ತಾವು ‘ನೋಡು’ ಶುಕ್ರವಾರ ಸಂಜೆಯವರೆಗೆ ಮಾತಾಡಿಕೊಂಡಿರಲಿ ಎಂದು ಅಪ್ಪಣೆ ಕೊಟ್ಟಿರಿ. ಇಂದೇ ಆ ಶುಕ್ರವಾರ.

೫. ಸುತ್ತೋಲೆಯೊಂದಿಗೆ ಬಂದ ನಮೂನೆಯನ್ನು ಅರ್ಜಿದಾರಳು ಮೂರು ಸಲ ತುಂಬಲು ಕೂತಳು. ‘ಮಾಲೀಕರ ಹೆಸರು’ ಎಂಬಲ್ಲಿಗೆ ಬಂದು ಮೂರು ಸಲವೂ ಎದ್ದಳು. ಇನ್ನು ಮುಚ್ಚಿಟ್ಟು ಫಲವಿಲ್ಲ. ಸದರಿ ಪ್ರೋಗ್ರಾಮನ್ನು ಬರೆದವನು ಅರ್ಜಿದಾರಳ ಸ್ವಂತ ಅಣ್ಣ.

ಅರ್ಜಿದಾರಳು ಈ ಕಚೇರಿಗೆ ಬಂದದ್ದು ಟೈಪಿಸ್ಟ್ ಆಗಿ. ಪ್ರೋಗ್ರಾಂ ಬರೆಯುವುದನ್ನು ಅಣ್ಣನೇ ಕಲಿಸಿದ. ಊಟದ ಬಿಡುವಿನಲ್ಲಿ ಕುರ್ಚಿಯ ಹಿಂದೆ ನಿಂತು, ಕೈಯಲ್ಲಿ ಟೀ ಲೋಟ ಹಿಡಿದು, “ತಂಗೀ, ಗೆರೆ ದಾಟಿದೀಯ ನೋಡು” ಎನ್ನುವನು. ದಿನಕ್ಕೆ ಇಪ್ಪತ್ತು ಸಲವಾದರೂ ಎನ್ನಬೇಕಾಗುತ್ತಿತ್ತು. ಆಮೇಲೆ ಅವನಿಗೆ ಬೇರೆ ಊರಿನ ಕಚೇರಿಗೆ ವರ್ಗವಾಯಿತು. “ಇನ್ನು ನಿನ್ನ ಹಿಂದೆ ಯಾರು ನಿಂತ್ಕೋತಾರೆ?” ಎಂದು ಒಂದು ವಾರ ಕೂತು ಇದನ್ನು ಬರೆದಿಟ್ಟು ಹೋದ.

ನೋಡಿದವರೆಲ್ಲ ನಮಗೂ ಕೊಡಿ ಎಂದರು. ಕಂಪ್ಯೂಟರ್ ಟೇಪಿಗೆ ಹಾಕಿ ಅಂಚೆಯಲ್ಲಿ ಕಳಿಸಿದ. ಹಡಗಿನ ಕಂಪನಿಯವರು, ಆಸ್ಪತ್ರೆಯವರು, ಸಕ್ಕರೆ ಕಾರ್ಖಾನೆಯವರು, ಕೇಳಿದವರಿಗೆಲ್ಲ. ಬಿಲ್ಲು ಕೊಡಿ ಎಂದವರಿಗೆ, “ತಂಗಿಗೆ ಬರೆದಿದ್ದಕ್ಕೆ ಬಿಲ್ಲು ಹಾಕ್ಲಾ?” ಎಂದ. ಆ ‘ತಂಗೀ’ಯನ್ನಾದರೂ ತೆಗೆಯಿರಿ ಎಂದವರಿಗೆ, “ಇರ್ಲಿ ಬಿಡ್ರೀ, ನಿಮಗೊಬ್ಬ ಅಣ್ಣ ಸಿಕ್ಕಿದ್ರೆ ನಷ್ಟ ಏನು?” ಎಂದ.

೬. ನಮೂನೆಯ ಮುಂದಿನ ಅಂಕಣ, ‘ದುರಸ್ತಿಗೆ ಸಂಪರ್ಕಿಸಬೇಕಾದ ದೂರವಾಣಿ’. ಪ್ರೋಗ್ರಾಮಿನ ತಲೆಯ ಮೇಲೆ ಅಣ್ಣನ ಮನೆಯ ನಂಬರ್ ಬರೆದಿದೆ. ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಫೋನು ಈಗಲೂ ಬರುತ್ತದೆ, ಅತ್ತಿಗೆ ಎತ್ತುತ್ತಾರೆ. ಹೋದ ತಿಂಗಳು ಯಾರೋ, “ಅಮ್ಮಾ, ಇದು ನಮ್ಮ ಸಾಹೇಬ್ರನ್ನೂ ತಂಗೀ ಅಂತಿದೆ, ಏನ್ಮಾಡೋದು?” ಎಂದರಂತೆ. ಅತ್ತಿಗೆ, “ಇದ್ದಾಗ್ಲೇ ಯಾರ ಮಾತೂ ಕೇಳ್ತಿರ್ಲಿಲ್ಲ, ಈಗ ಕೇಳ್ತಾರೇನಪ್ಪಾ? ಗೆರೆ ಒಳಗೆ ಬರೀರಿ, ಸುಮ್ನಿರ್ತಾರೆ” ಎಂದರಂತೆ. ದುರಸ್ತಿ ವ್ಯವಸ್ಥೆ ಹೀಗೆ ಸಮರ್ಪಕವಾಗಿದೆ.

೭. ‘ತಂಗೀ’ ತೆಗೆದು ‘ಮಾನ್ಯರೇ’ ಹಾಕಲು ಎರಡು ನಿಮಿಷ ಸಾಕು. ಹೇಗೆಂದು ಅರ್ಜಿದಾರಳಿಗೆ ಗೊತ್ತು. ಕೈ ಬರುತ್ತಿಲ್ಲ. ಅಣ್ಣನ ದನಿ ಎಂದು ಉಳಿದಿರುವುದು ಅದೊಂದೇ ಸಾಲು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ‘ನೋಡು’ ಪ್ರೋಗ್ರಾಮನ್ನು ಅಳಿಸಬಾರದೆಂದೂ, ನಮೂನೆಯಲ್ಲಿ ಮಾಲೀಕರು ಎಂಬಲ್ಲಿ ‘ಅಣ್ಣ’ ಎಂದು ಬರೆಯಲು ಅನುಮತಿಸಬೇಕೆಂದೂ ಕೋರಿದೆ. ಇದು ನಿಯಮಕ್ಕೆ ಒಗ್ಗದಿದ್ದಲ್ಲಿ, ಇಂದು ಸಂಜೆ ನಾಲ್ಕೂವರೆಯಿಂದ ಅರ್ಜಿದಾರಳಿಗೆ ಅರ್ಧ ಗಂಟೆ ರಜೆ ಮಂಜೂರು ಮಾಡಿ, ಅಳಿಸುವಾಗ ಅವಳು ಕಟ್ಟಡದ ಹೊರಗಿರುವಂತೆ ಏರ್ಪಾಡು ಮಾಡಬೇಕಾಗಿ ವಿನಂತಿ.

ಎಪ್ಪತ್ತೆರಡರ ಒಳಗೇ ಇರಲು ಪ್ರಯತ್ನಿಸುವ,
ತಮ್ಮ ವಿಶ್ವಾಸಿ,
(ಸಹಿ) ಅರ್ಜಿದಾರಳು

ಲಗತ್ತುಗಳು:
೧. ಸಂತಾಪ ಪತ್ರದ ನಕಲು. “ಓದಿದೆ, ಒಪ್ಪಿಗೆ ಇಲ್ಲ” ಎಂದು ಮಾವನವರ ಸಹಿ ಇದೆ.
೨. ನಮೂನೆ, ಖಾಲಿ.
೩. ಮೀಸೆಯವರ ಒಪ್ಪಿಗೆ ಪತ್ರ: “ನಾನು ತಂಗಿಯಾಗಿಯೇ ಮುಂದುವರಿಯಲು ಸಿದ್ಧ.”

ಕಡತಕ್ಕಾಗಿ ಟಿಪ್ಪಣಿ (ಶುಕ್ರವಾರ, ಐದು ಗಂಟೆಗೆ ಎಂಟು ನಿಮಿಷ ಇರುವಾಗ):

ರಜೆಯ ಬಗ್ಗೆ ಆದೇಶ ಬಾರದ ಕಾರಣ ಅರ್ಜಿದಾರಳು ಮೇಜಿನಲ್ಲೇ ಇದ್ದಳು. ವ್ಯವಸ್ಥಾಪಕರು ಅರ್ಜಿಯನ್ನು ಕೈಯಲ್ಲಿ ಹಿಡಿದು ಬಂದರು. “ಏಳಿ, ಸ್ವಲ್ಪ ಜಾಗ ಕೊಡಿ” ಎಂದು ಅವಳ ಕುರ್ಚಿಯಲ್ಲಿ ಕೂತು, ಐದು ಗಂಟೆಗೆ ಯಂತ್ರ ತಾನೇ ಓದಿ ಅಳಿಸುವ ಪಟ್ಟಿಯನ್ನು ತೆರೆದರು. ‘ನೋಡು’ ಇದ್ದ ಸಾಲಿನ ತುದಿಯಲ್ಲಿ, “ಅಳಿಸು” ಎಂಬುದರ ಮುಂದೆ, ಎರಡು ಬೆರಳಿನಿಂದ “ಬೇಡ” ಎಂದು ಸೇರಿಸಿದರು.

ಅರ್ಜಿದಾರಳು ಹಿಂದೆ ನಿಂತು ನೋಡಿದಳು. ಬೇಡ ಎಂಬುದು ಎಪ್ಪತ್ತಮೂರನೇ ಮನೆಯಲ್ಲಿ ಕೂತಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವರೇ ‘ನೋಡು’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರು.

ತಂಗೀ, ಗೆರೆ ದಾಟಿದೀಯ ನೋಡು.

“ಏನ್ರೀ ಇದು?”

“ಹೌದು ಸಾರ್. ದಾಟಿದೆ.”

“ಗೊತ್ತಾಯ್ತು, ಗೊತ್ತಾಯ್ತು. ನಿಮಗಲ್ಲ, ನಿಮ್ಮ ಅಣ್ಣನವರಿಗೆ ಹೇಳಿದ್ದು.”

ವ್ಯವಸ್ಥಾಪಕರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ಹತ್ತಿರ ತಂದರು. ಸಾಲನ್ನು ಎರಡಾಗಿ ಮುರಿದು, ‘ಬೇಡ’ವನ್ನು ಗೆರೆಯೊಳಕ್ಕೆ ಇಳಿಸಿದರು.