ಬಾಜೂ ಕ್ಲಾಸಿನ ನೈಲ್ ನದಿ

ಐದನೇ ಇಯತ್ತೆಗೆ ಪಾಠ ಹೇಳುವವನ ಮಾನ ವಾರಕ್ಕೆ ಒಂದು ಸಲವಾದರೂ ಹೋಗುತ್ತದೆ. ಶಹಾಬಾದದ ಸಾಲಿಯೊಂದರಲ್ಲಿ ಹದಿನಾರು ವರ್ಷದಿಂದ ಎ ಸೆಕ್ಷನ್ನಿಗೆ ಕಲಿಸುತ್ತಿರುವ ನನಗೆ ಅದು ರೂಢಿಯಾಗಿತ್ತು. ಆದರೆ ಹೋದ ವರ್ಷ ವಾಡಿಯಿಂದ ಹೊಸ ಮೇಡಂ ಒಬ್ಬರು ಬಂದು ಬಿ ಸೆಕ್ಷನ್ ಹಿಡಿದ ಮೇಲೆ, ನಾನು ಕಳಕೊಂಡ ಮಾನವೆಲ್ಲ ಬಾಜೂ ಕ್ಲಾಸಿನಲ್ಲಿ ಜಮಾ ಆಗುತ್ತಿದೆ ಅನಿಸತೊಡಗಿತು.

೧. ಗೋಡೆ ಏರುವ ನದಿ

ಪ್ರಾಚೀನ ಈಜಿಪ್ಟಿನ ಪಾಠ. ನಕಾಶೆಯನ್ನು ಗೋಡೆಗೆ ತೂಗುಹಾಕಿ, ಕೆಳಗಿನಿಂದ ಮೇಲಕ್ಕೆ ಬೆರಳಾಡಿಸುತ್ತ ಹೇಳಿದೆ: "ನೈಲ್ ನದಿ ದಕ್ಷಿಣದಾಗ ಹುಟ್ಟಿ ಉತ್ತರಕ್ಕ ಹರೀತದ."

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ನೀರು ಮ್ಯಾಲ ಹ್ಯಾಂಗ ಏರ್ತದ್ರಿ?"

"ನಕಾಶೆದಾಗ ಅಷ್ಟೇ ಅದು ಮ್ಯಾಲ. ಖರೇನ ಮ್ಯಾಲಲ್ಲ."

"ಮತ್ತ ನಕಾಶೆದಾಗ ಕೆಳಗ 'ಮ್ಯಾಲಿನ ಈಜಿಪ್ಟ್' ಅಂತ ಬರದಾರಲ್ರಿ?"

ನಾನು ಬೆವರು ಒರೆಸಿಕೊಂಡೆ. ಹಿಂದಿನ ಬೆಂಚಿನ ಹುಡುಗನಿಗೆ ನನ್ನ ಮೇಲೆ ಕನಿಕರ ಬಂತು. ಅವಳಿಗೆ ಬಿಡಿಸಿ ಹೇಳಿದ: "ಸುಮ್ನ ಕುಂದ್ರು. ಮೋಟರ್ ಹಚ್ಚ್ಯಾರ."

೨. ಬೇಹುಗಾರಿಕೆ

ಬಾಜೂ ಕ್ಲಾಸಿನಿಂದ ದಿನಾ ನಗು ಕೇಳುತ್ತಿತ್ತು, ನನ್ನ ಕ್ಲಾಸಿನಲ್ಲಿ ಆಕಳಿಕೆ. ಮೇಡಂ ನಕಾಶೆಯನ್ನು ನೆಲಕ್ಕೆ ಹಾಸಿ, ಸುತ್ತ ಮಕ್ಕಳನ್ನು ಕೂಡ್ರಿಸಿ ಕಲಿಸುತ್ತಾರೆ ಎಂದು ಗೊತ್ತಾಯಿತು. ಇಷ್ಟು ಸರಳ ಉಪಾಯ ನನಗೇಕೆ ಹೊಳೆಯಲಿಲ್ಲ ಎಂಬ ಹೊಟ್ಟೆಕಿಚ್ಚಿಗೆ ಅವತ್ತು ರೊಟ್ಟಿ ಸೇರಲಿಲ್ಲ.

ಮರುದಿನ ಕ್ಲಾಸ್ ಲೀಡರ್ ಹುಡುಗಿಯನ್ನು ಕರೆದೆ. "ಮೇಡಂ ಹಂತೇಕ ಹೋಗಿ ಒಂದು ಚಾಕ್‌ಪೀಸ್ ಇಸ್ಕೊಂಡ್ ಬಾ. ಹ್ಯಾಂಗ ಕಲಸ್ಲಿಕತ್ತಾರ, ಜರಾ ನೋಡ್ಕೊಂಡ್ ಬಾ."

ಅವಳು ವಾಪಸ್ ಬಂದದ್ದು ಗಂಟೆ ಹೊಡೆದ ಮೇಲೆ.

"ಏನ್ ಕಲಿಸಿದ್ರು?"

"ನೈಲ್ ದಂಡಿ ಮ್ಯಾಲ ಕರಿ ಮಣ್ಣು, ಅದರಾಚೆ ಬರೇ ಉಸುಕು. ನಮ್ಮ ಕಾಗಿಣಾ ಹೊಳಿ ದಂಡಿ ಹೊಲಾ ನೆನಸ್ಕೋರಿ ಅಂದ್ರು. ಭಾಳ ಚಲೋ ತಿಳೀತ್ರಿ."

"ಚಾಕ್‌ಪೀಸ್ ಎಲ್ಲದ?"

"ಮರ್ತೇ ಬಿಟ್ಟೆ ಸರ್. ನಾಳಿ ಮತ್ತ ಹೋಗ್ತೀನ್ರಿ. ಚೀಲಾನೂ ತಗೊಂಡ ಹೋಗ್ಲೇನ್ರಿ?"

೩. ಪ್ರವಾಹ

ಮೇಡಂ ಅಂಗಳದ ಮೂಲೆಯಲ್ಲಿ ಮಣ್ಣಿನ ಪುಟ್ಟ ನೈಲ್ ಮಾಡಿಸಿ, ಒಂದು ತಂಬಿಗೆ ನೀರು ಹರಿಸಿ ತೋರಿಸಿದರು. ಹೆಡ್‌ಮಾಸ್ತರರು ಎಲ್ಲರ ಮುಂದೆ ಹೊಗಳಿದರು. ತಂಬಿಗೆಗೇ ಇಷ್ಟು ಹೊಗಳಿಕೆಯಾದರೆ ಇಡೀ ಟಾಂಕಿಗೆ ಎಷ್ಟಿರಬೇಡ?

ಕಲ್ಲು ಪಾಲಿಶ್ ಮಾಡುವವರಲ್ಲಿ ಕೇಳಿ ಒಡೆದ ಫರಸಿ ಕಲ್ಲುಗಳನ್ನು ತಂದೆ. ಅಂಗಳದುದ್ದಕ್ಕೂ ನದಿ ತೋಡಿ, ಎರಡೂ ದಂಡೆಗೆ ಫರಸಿ ನಿಲ್ಲಿಸಿ ಟಾಂಕಿಯ ನಳ ಬಿಟ್ಟೆ. "ನೋಡ್ರಿ, ಪ್ರವಾಹ ಬಂದು ಹೋದ ಮ್ಯಾಲ ಭೂಮಿ ಫಲವತ್ತಾಗ್ತದ" ಎನ್ನುವಷ್ಟರಲ್ಲಿ ಒಂದು ಫರಸಿ ವಾಲಿತು. ನೈಲ್ ನದಿ ಹೊರಳಿ ಹೆಡ್‌ಮಾಸ್ತರರ ಕೋಣೆ ಹೊಕ್ಕಿತು.

ಅವರು ಪ್ಯಾಂಟು ಮಡಚಿಕೊಂಡು ಬಾಗಿಲಿಗೆ ಬಂದರು. ಬೈಯಲಿಲ್ಲ. "ಗುರುಗಳೇ, ನೀರು ಇಳದ ಮ್ಯಾಲ ಒಳಗ ಏನ್ ಬಿತ್ಲಿ? ತೊಗರಿನೋ, ಜ್ವಾಳನೋ?"

೪. ಸೇಡಂ ಸಭೆ

ಸೇಡಂನಲ್ಲಿ ಶಿಕ್ಷಕರ ಸಭೆ. ಮಾದರಿ ಪಾಠ ಮಾಡಲು ಮೇಡಂ ಅವರನ್ನೇ ಆರಿಸಿದ್ದರು. ಎರಡೂ ಸೆಕ್ಷನ್ನಿನ ಇಪ್ಪತ್ತು ಮಕ್ಕಳನ್ನು ಕರೆದೊಯ್ಯುವ ಕೆಲಸ ಮಾತ್ರ ನನಗೆ. ಬಸ್ಸಿನಲ್ಲಿ ಕೂತು, ಆಕೆಗೆ ಉತ್ತರ ಬರಲಾರದಂಥ ಒಂದು ಪ್ರಶ್ನೆಯನ್ನು ಯೋಚಿಸಿ ಯೋಚಿಸಿ ಚೀಟಿಯಲ್ಲಿ ಬರೆದುಕೊಂಡೆ.

ಪಾಠ ಮುಗಿಯಿತು. ಚಿತ್ತಾಪುರ, ಚಿಂಚೋಳಿ ಕಡೆಯಿಂದ ಬಂದ ಮಾಸ್ತರರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ಎದ್ದು ನಿಂತೆ.

"ಈಜಿಪ್ಟಿನಾಗ ಮಳಿನೇ ಇಲ್ಲ ಅಂತೀರಿ. ಮತ್ತ ವರ್ಷಾ ವರ್ಷಾ ಪ್ರವಾಹ ಎಲ್ಲಿಂದ ಬರ್ತಿತ್ರಿ?"

ಮೇಡಂ ನಕ್ಕರು. "ಭಾಳ ಚಲೋ ಪ್ರಶ್ನಿ. ಇದನ್ನ ನನಗಿಂತ ಹಿರಿಯರು, ನಮ್ಮ ಸರ್ ಹೇಳಿದ್ರೇನೇ ಚಂದ. ಬರ್ರಿ ಸರ್."

ವೇದಿಕೆ ಹತ್ತಿದೆ. ಬೋರ್ಡಿನ ಮೇಲೆ ಒಂದು ಗೆರೆ ಎಳೆದೆ. ಅದನ್ನೇ ಇನ್ನೊಮ್ಮೆ ತಿದ್ದಿದೆ. ಪ್ರಶ್ನೆ ಹುಡುಕುವ ಗಡಿಬಿಡಿಯಲ್ಲಿ ಉತ್ತರ ನೋಡಿಕೊಳ್ಳುವುದೇ ಮರೆತುಹೋಗಿತ್ತು. ಮೂರು ತಾಲ್ಲೂಕಿನ ಮಾಸ್ತರರು ನನ್ನ ಬೆನ್ನು ನೋಡುತ್ತ ಕೂತಿದ್ದರು.

ಆಗ ನನ್ನದೇ ಕ್ಲಾಸಿನ ಸಣ್ಣ ಹುಡುಗಿಯೊಬ್ಬಳು, ತಾನು ಪಿಸುಗುಡುತ್ತಿದ್ದೇನೆ ಅಂದುಕೊಂಡು, ಇಡೀ ಸಭೆಗೆ ಕೇಳುವಂತೆ ಹೇಳಿದಳು:

"ಸರ್, ಗಾಬರಿ ಆಗಬ್ಯಾಡ್ರಿ. ನಮಗ ದಿನಾ ಹೇಳ್ತೀರಲ್ರಿ, ಹಂಗೇ ಹೇಳಿಬಿಡ್ರಿ: ಇದನ್ನ ನೀವೇ ಮನ್ಯಾಗ ಓದ್ಕೊಂಡು ಬರ್ರಿ."