ಫೋನು ಹೂಂ ಅನ್ನುವುದಿಲ್ಲ

ಕನ್ನಡ ಪಾಠ ಹೇಳುವವರ ಕೈಗೆ ಹೊಸ ಯಂತ್ರ ಕೊಟ್ಟಾಗಲೆಲ್ಲ ಏನಾದರೊಂದು ನಗೆಪಾಟಲು ಆಗಿಯೇ ಆಗುತ್ತದೆ. ಬೇರೆಯವರದ್ದು ನೋಡಿ ನಕ್ಕಿದ್ದೇನೆ, ನನ್ನದು ನೋಡಿ ಬೇರೆಯವರು ನಕ್ಕಿದ್ದಾರೆ, ಲೆಕ್ಕ ಸರಿಹೋಗಿದೆ.

ನಮ್ಮ ಹೈಸ್ಕೂಲಿರುವುದು ಹೊಸನಗರದಿಂದ ತೀರ್ಥಹಳ್ಳಿ ಕಡೆಗೆ ಹೋಗುವ ಬಸ್ಸು ನಿಲ್ಲುವ ಒಂದು ಸಣ್ಣ ಊರಿನಲ್ಲಿ. ಕನ್ನಡಕ್ಕೆ ಇಬ್ಬರಿದ್ದೆವು. ಒಬ್ಬಳು ನಾನು. ಇನ್ನೊಬ್ಬರು, ಅದೇ ಶಾಲೆಯಲ್ಲಿ ನನಗೇ ಎಂಟನೇ ಕ್ಲಾಸಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರು. ಮಕ್ಕಳ ಮುಂದೆ ನನ್ನನ್ನು ಮೇಡಂ ಎನ್ನುವರು, ಸ್ಟಾಫ್ ರೂಮಿಗೆ ಬಂದ ಕೂಡಲೇ ನೀನು. ಅವರಿಗೆ ಆ ವರ್ಷ ನಿವೃತ್ತಿ. ಅವರು ರಾಗವಾಗಿ ಪದ್ಯ ಓದಿ ಕಥೆ ಹೇಳುತ್ತಿದ್ದರೆ ಪಕ್ಕದ ಕ್ಲಾಸಿನ ಗಣಿತವೂ ನಿಂತುಹೋಗುತ್ತಿತ್ತು. ಹೋಗುವುದರೊಳಗೆ ಅವರ ಒಂದು ಪಾಠವನ್ನಾದರೂ ಫೋನಿನಲ್ಲಿ ಹಿಡಿದಿಡಬೇಕು ಎಂದು ನನಗೆ ಆಸೆ. ಅವರಿಗೂ ಫೋನಿಗೂ ಮಾತ್ರ ಎಣ್ಣೆ ಸೀಗೆಕಾಯಿ.

೧. ಬೋರ್ಡಿನ ಮೇಲಿನ ಗುಟ್ಟು

ಮೂರು ತಾಲೂಕಿನ ಭಾಷಾ ಶಿಕ್ಷಕರಿಗೆ ಸಾಗರದಲ್ಲಿ ಕಂಪ್ಯೂಟರ್ ತರಬೇತಿ. ಕಲಿಸಲು ಬಂದಿದ್ದವಳು ನಮ್ಮ ಮಕ್ಕಳ ವಯಸ್ಸಿನ ಹುಡುಗಿ. ಎಲ್ಲರೂ ಒಂದೊಂದು ಪಾಸ್‌ವರ್ಡ್ ಮಾಡಿಕೊಳ್ಳಿ, ಮರೆಯದ ಹಾಗೆ ಎಲ್ಲಾದರೂ ಬರೆದಿಟ್ಟುಕೊಳ್ಳಿ ಎಂದು ಹೇಳಿ ನೀರು ಕುಡಿಯಲು ಹೊರಗೆ ಹೋದಳು.

ನಮ್ಮ ಮೇಷ್ಟ್ರು ಎದ್ದರು. ಸೀಮೆಸುಣ್ಣ ತೆಗೆದುಕೊಂಡು ತಮ್ಮ ಪಾಸ್‌ವರ್ಡನ್ನು ಬೋರ್ಡಿನ ಮೇಲೆ, ಕೊನೆಯ ಬೆಂಚಿಗೂ ಕಾಣುವ ಹಾಗೆ, ದುಂಡಗೆ ಬರೆದರು. ಕೆಳಗೊಂದು ಗೆರೆಯನ್ನೂ ಎಳೆದರು. ಮೂವತ್ತು ವರ್ಷದ ಅಭ್ಯಾಸ, ಬರೆಯುವುದೆಂದರೆ ಅವರಿಗೆ ಬೋರ್ಡೇ.

ನಮ್ಮ ಅಭ್ಯಾಸ ಇನ್ನೂ ಕೆಟ್ಟದ್ದು. ಬೋರ್ಡಿನ ಮೇಲೆ ಬರೆದದ್ದನ್ನು ಇಡೀ ಕೋಣೆ ತಲೆತಗ್ಗಿಸಿ ನಕಲು ಮಾಡಿಕೊಂಡಿತು. ಹುಡುಗಿ ಒಳಗೆ ಬಂದು ಬೋರ್ಡು ನೋಡಿದಳು, ನಮ್ಮ ಪುಸ್ತಕಗಳನ್ನು ನೋಡಿದಳು, ಮತ್ತೆ ನೀರು ಕುಡಿಯಲು ಹೋದಳು. ಅಂದಿನಿಂದ ಮೂರು ತಾಲೂಕಿನಲ್ಲಿ ಯಾರಾದರೂ ಪಾಸ್‌ವರ್ಡ್ ಮರೆತರೆ ಪಕ್ಕದ ಶಾಲೆಗೆ ಫೋನು ಮಾಡಿ ಕೇಳುತ್ತೇವೆ.

೨. ಎರಡನೇ ಗುಂಡಿ

ಅದಾದ ಮೇಲೆ ತಿಂಗಳಿಗೊಂದು ಆನ್‌ಲೈನ್ ಸಭೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಬಿಸಿಯೂಟದ ಕೋಣೆಯ ಹಿಂದಿನ ಕಟ್ಟೆಯ ಮೇಲೆ ಮಾತ್ರ. ಮೇಷ್ಟ್ರು ಅಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು, ಫೋನನ್ನು ಮಸಾಲೆ ಡಬ್ಬಿಗೆ ಒರಗಿಸಿ, ಕೈಕಟ್ಟಿ ಕೂತರು. ನಾನು ಪಕ್ಕದಲ್ಲಿ ನನ್ನ ಫೋನು ಹಿಡಿದು ಕೂತೆ.

ಮೇಲಧಿಕಾರಿಗಳ ಮುಖ ಪರದೆಯ ಮೇಲೆ ಬಂತು. ಸಾಹೇಬರು ಬಂದರೆ ಎದ್ದು ನಿಲ್ಲಬೇಕಲ್ಲ, ಮೇಷ್ಟ್ರು ಎದ್ದು ನಿಂತರು. ಕೂತ್ಕೊಳ್ಳಿ ಸಾರ್ ಎಂದು ನಾನು ಅಂಗಿ ಎಳೆದೆ. ಅವರು ಹೇಳದೆ ಹೆಂಗೆ ಕೂರೋದು ಎಂದು ಗದರಿದರು. ಹೀಗಾಗಿ ಮುಕ್ಕಾಲು ಗಂಟೆ ಜಿಲ್ಲೆಯ ಭಾಷಾ ಶಿಕ್ಷಕರೆಲ್ಲ ಅವರ ಚೌಕದಲ್ಲಿ ಅಂಗಿಯ ಹೊಟ್ಟೆಯ ಭಾಗವನ್ನೇ ನೋಡಿದರು.

ಸಭೆಯ ಕೊನೆಗೆ ಸಲಹೆ ಸೂಚನೆಗಳು. ಅಧಿಕಾರಿಗಳು ಎಲ್ಲ ಹೇಳಿ ಮುಗಿಸಿ, ಮೇಷ್ಟ್ರೇ, ಕೆಳಗಿನಿಂದ ಎರಡನೇ ಗುಂಡಿ ಬಿದ್ದುಹೋಗಿದೆ, ಹೊಲಿಸಿಕೊಳ್ಳಿ ಎಂದರು. ಆ ಸಭೆಯ ಸೂಚನೆಗಳಲ್ಲಿ ಮರುದಿನವೇ ಜಾರಿಗೆ ಬಂದದ್ದು ಅದೊಂದೇ.

೩. ಏಳನೇ ಪ್ರಶ್ನೆ

ಈಗ ನನ್ನದು. ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ಗೊತ್ತಾದ ಮೇಲೆ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮನೆಯಲ್ಲಿ ಅಡುಗೆ ಮಾಡುತ್ತಲೇ ಹೇಳಿ ಬರೆಸತೊಡಗಿದೆ. ಆರು ಪ್ರಶ್ನೆ ಆಯಿತು. ಏಳು ಎಂದೆ. ಅಷ್ಟರಲ್ಲಿ ಅತ್ತೆ ಏನೋ ಕೇಳಿದರು. ನಾನು ಒಲೆಯ ಹತ್ತಿರ ಹೋಗಿ ಅವರ ಕೆಲಸ ಮುಗಿಸಿ ಬಂದು ಎಂಟರಿಂದ ಮುಂದುವರಿಸಿದೆ. ಓದಿ ನೋಡುವ ತಾಳ್ಮೆ ಯಾರಿಗಿದೆ? ಬೆಳಿಗ್ಗೆ ಹಾಗೇ ಪ್ರಿಂಟ್ ತೆಗೆದು ಹಂಚಿದೆ.

ಏಳನೇ ಪ್ರಶ್ನೆ ಹೀಗಿತ್ತು: ‘ಸಾರಿಗೆ ಉಪ್ಪು ಹಾಕಿದ್ಯೇನೇ, ನಾನೇ ಹಾಕ್ಲಾ.’

ಕೇಳಿದ್ದಕ್ಕೆ ಉತ್ತರ ಬರೆಯದೆ ಬಿಡುವ ಮಕ್ಕಳಲ್ಲ ನಮ್ಮವರು. ಒಬ್ಬಳು ನಮ್ಮನೆಯಲ್ಲಿ ಅಜ್ಜಿ ಹಾಕುತ್ತಾರೆ ಎಂದು ಬರೆದಿದ್ದಳು. ಇನ್ನೊಬ್ಬ, ರುಚಿಗೆ ತಕ್ಕಷ್ಟು ಎಂದಿದ್ದ. ಮತ್ತೊಬ್ಬ ಎರಡು ಪುಟ ಬರೆದು, ಅಪ್ಪನೂ ಅಮ್ಮನೂ ಒಬ್ಬರಿಗೆ ಗೊತ್ತಿಲ್ಲದೆ ಒಬ್ಬರು ಹಾಕಿ ಆದ ಜಗಳವನ್ನು ವರ್ಣಿಸಿದ್ದ. ನಾಚಿಕೆಯಿಂದ ಕುಗ್ಗಿಹೋಗಿ ಪತ್ರಿಕೆಗಳನ್ನು ಮೇಷ್ಟ್ರ ಮುಂದಿಟ್ಟೆ. ಒಂದೊಂದನ್ನೂ ಓದಿದರು, ಕನ್ನಡಕ ತೆಗೆದರು.

"ಏಳನೇದಕ್ಕೆ ಎಲ್ರಿಗೂ ಪೂರ್ತಿ ಅಂಕ ಕೊಡು. ಗೈಡ್ ನೋಡ್ದೆ ಬರ್ದಿರೋದು ಅದೊಂದೇ."

೪. ಹೂಂ

ಇಷ್ಟರಲ್ಲಿ ಮೇಷ್ಟ್ರ ಕೊನೆಯ ವಾರ ಬಂತು. ಪಾಠ ಮಾತ್ರ ಇನ್ನೂ ಫೋನಿಗೆ ಸೇರಿರಲಿಲ್ಲ. ಮೂರು ಸಲ ಪ್ರಯತ್ನಪಟ್ಟಿದ್ದೆ. ಪ್ರತಿ ಸಲವೂ ಚೆನ್ನಾಗಿ ಶುರು ಮಾಡುವರು, ಪದ್ಯದ ಎರಡು ಸಾಲು ಹಾಡುವರು, ಕಥೆಗೆ ಇಳಿಯುವರು, ಅಲ್ಲಿಗೆ ನಿಂತುಬಿಡುವರು.

ಯಾಕೆ ಸಾರ್ ಎಂದರೆ, "ಅದು ಹೂಂ ಅನ್ನಲ್ವಲ್ಲ" ಎಂದು ಫೋನಿನ ಕಡೆ ತೋರಿಸಿದರು.

ಅವರ ಕ್ಲಾಸಿನ ಕ್ರಮವೇ ಅದು. ಅವರೊಂದು ಮಾತು ಹೇಳಿದರೆ ಮಕ್ಕಳೆಲ್ಲ ಹೂಂ ಎನ್ನಬೇಕು. ಹೂಂ ನಿಂತರೆ ಕಥೆ ನಿಲ್ಲುತ್ತದೆ. ನಮ್ಮ ಕಾಲದಲ್ಲಿ, ರಾಜಕುಮಾರ ಕಾಡಿನಲ್ಲಿ ದಾರಿ ತಪ್ಪಿದ ಹೊತ್ತಿಗೆ ಯಾರೋ ಒಬ್ಬರು ತೂಕಡಿಸಿದ್ದಕ್ಕೆ ಅವನನ್ನು ಸೋಮವಾರದವರೆಗೆ ಕಾಡಿನಲ್ಲೇ ಬಿಟ್ಟಿದ್ದರು.

ಕೊನೆಯ ದಿನ ಬಂದಾಗ ಮಕ್ಕಳಿಗೆ ಪರೀಕ್ಷೆ ಮುಗಿದು ರಜೆ. ಸಂಜೆ ಬೀಳ್ಕೊಡುಗೆಯ ಉಪ್ಪಿಟ್ಟು ತಿಂದು ಅವರು ಕೈತೊಳೆಯುತ್ತಿದ್ದರು. ಬನ್ನಿ ಸಾರ್ ಎಂದು ಎಂಟನೇ ಕ್ಲಾಸಿಗೆ ಕರೆದುಕೊಂಡು ಹೋದೆ. ಫೋನನ್ನು ಮೇಜಿನ ಮೇಲೆ ಅವರಿಗೆ ಎದುರಾಗಿ ನಿಲ್ಲಿಸಿ, ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮೊಣಕಾಲು ಡೆಸ್ಕಿಗೆ ತಾಗುತ್ತಿತ್ತು.

ಅವರು ಶುರು ಮಾಡಿದರು. ನಾನು ಹೂಂ ಎಂದೆ. ಕಥೆ ಓಡಿತು. ಮೂವತ್ತು ವರ್ಷದ ಹಿಂದೆ ಕೇಳಿದ ಅದೇ ಕಥೆ, ಅದೇ ರಾಗ, ದನಿ ಮಾತ್ರ ಸ್ವಲ್ಪ ಒಡೆದಿತ್ತು. ನಾಳೆಯಿಂದ ಈ ದನಿ ಈ ಗೋಡೆಗಳಿಗೆ ಕೇಳುವುದಿಲ್ಲವಲ್ಲ ಅನ್ನಿಸಿ ದುಃಖವಾಯಿತು. ಆ ಯೋಚನೆಯಲ್ಲಿ ಹೂಂ ಅನ್ನುವುದನ್ನೇ ಮರೆತೆ.

ಕಥೆ ನಿಂತಿತು. ಮೇಷ್ಟ್ರು ಕತ್ತು ಎತ್ತಿ ನೋಡಿದರು.

"ಏ ಹಿಂದಿನ ಬೆಂಚು. ನಿದ್ದೆನಾ?"

ಥಟ್ಟನೆ ಎದ್ದು ನಿಂತೆ. ನಿದ್ದೆಯಲ್ಲ, ಕೇಳುತ್ತಿದ್ದೇನೆ ಎನ್ನುವ ಹಾಗೆ ತಲೆಯಾಡಿಸಿದೆ.

"ಸುಳ್ಳು ಹೇಳ್ಬೇಡ. ಕೂತ್ಕೋ" ಎಂದು, ಹೂಂ ಕೇಳಿಸಿಕೊಂಡ ಮೇಲೆಯೇ ಮುಂದುವರಿಸಿದರು. ಕಥೆ ಮುಗಿಯಿತು, ಫೋನು ಎಲ್ಲವನ್ನೂ ಹಿಡಿಯಿತು.

ಜೂನ್‌ನಲ್ಲಿ ಹೊಸ ಎಂಟನೇ ಕ್ಲಾಸಿಗೆ ಅದನ್ನು ದೊಡ್ಡ ಪರದೆಯ ಮೇಲೆ ಹಾಕಿದೆ. ಈ ಮಕ್ಕಳು ಅವರನ್ನು ಕಂಡವರೇ ಅಲ್ಲ. ಮೊದಲು ನನ್ನ ಹೂಂ ಮಾತ್ರ ಕೇಳುತ್ತಿತ್ತು. ನಾಲ್ಕನೇ ಮಾತಿಗೆ ಮುಂದಿನ ಬೆಂಚು ಸೇರಿತು. ಆಮೇಲೆ ಇಡೀ ಕ್ಲಾಸು ಹೂಂಗುಟ್ಟತೊಡಗಿತು. ಹಿಂದಿನ ಬೆಂಚಿನಲ್ಲಿ ಹುಂಚದ ಬಸ್ಸಿಗೆ ಬೆಳಗ್ಗೆ ಬೇಗ ಏಳುವ ಒಬ್ಬ ಹುಡುಗಿ ಮಾತ್ರ ಡೆಸ್ಕಿನ ಮೇಲೆ ತಲೆಯಿಟ್ಟಿದ್ದಳು.

ಪರದೆಯ ಮೇಲೆ ಕಥೆ ನಿಂತಿತು. ಮೇಷ್ಟ್ರು ಕತ್ತು ಎತ್ತಿ ನೋಡಿದರು. "ಏ ಹಿಂದಿನ ಬೆಂಚು. ನಿದ್ದೆನಾ?"

ಹುಡುಗಿ ದಡಬಡಿಸಿ ಎದ್ದು ನಿಂತಳು. "ಇಲ್ಲ ಸಾರ್, ಕೇಳ್ತಾ ಇದ್ದೆ."

"ಸುಳ್ಳು ಹೇಳ್ಬೇಡ. ಕೂತ್ಕೋ."

ಕೂತಳು. ಆಮೇಲೆ ಬಂದ ಹೂಂ ಬಿಸಿಯೂಟದ ಕೋಣೆಗೂ ಕೇಳಿಸಿತಂತೆ.

ಮಧ್ಯಾಹ್ನ ಕಟ್ಟೆ ಹತ್ತಿ ಮೇಷ್ಟ್ರಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳತೊಡಗಿದೆ. ಆ ಕಡೆಯಿಂದ ಒಂದು ಮಾತೂ ಇಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದು ನಿಲ್ಲಿಸಿದೆ.

"ಯಾಕೆ ನಿಲ್ಸಿದ್ದು?" ಎಂದರು.

ನೀವು ಹೂಂ ಅನ್ನಲಿಲ್ಲವಲ್ಲ ಸಾರ್ ಎಂದೆ.