ಅತ್ತೆಯವರ ಇ-ರೀಡರ್ ಮತ್ತು ನೆನೆಹಾಕಿದ ಕಡಲೆ

ಓದುವುದಕ್ಕೆ ಇ-ರೀಡರ್ ಒಳ್ಳೆಯದೋ ಟ್ಯಾಬ್ ಒಳ್ಳೆಯದೋ ಎಂದು ಯಾರಾದರೂ ಕೇಳಿದರೆ, ತಿಳಿದವರು ಬ್ಯಾಟರಿ, ಪರದೆ, ತೂಕ ಎಂದು ಶುರು ಮಾಡುತ್ತಾರೆ. ನಾನು ನೆನೆಹಾಕಿದ ಕಡಲೆಕಾಳಿನಿಂದ ಶುರು ಮಾಡುತ್ತೇನೆ. ಕೇಳಿದವರು ಗಡಿಯಾರ ನೋಡಿಕೊಳ್ಳುತ್ತಾರೆ. ನಮ್ಮ ಕಚೇರಿಯಲ್ಲಂತೂ ಈಗ ನನ್ನೆದುರು ಯಾರೂ ಕಡಲೆಯ ಹೆಸರೆತ್ತುವುದಿಲ್ಲ. ಯಾರಾದರೂ ಡಬ್ಬಿಯಲ್ಲಿ ಉಸಲಿ ತಂದ ದಿನ ನನ್ನ ಪಕ್ಕದ ಕುರ್ಚಿ ಖಾಲಿಯಿರುತ್ತದೆ. ಏನು ಮಾಡಲಿ? ಅಪಾಯವೊಂದನ್ನು ಕಣ್ಣಾರೆ ಕಂಡವನಿಗೆ ಅದನ್ನು ಹೇಳಿ ಮುಗಿಸುವುದು ಬಹಳ ಕಷ್ಟ. ಅದರಲ್ಲಿ ಸಿಕ್ಕಿಕೊಂಡವರು ಬೇಗ ಮರೆಯುತ್ತಾರೆ. ನೋಡುತ್ತ ನಿಂತವರು ಮರೆಯುವುದಿಲ್ಲ. ಆ ಹೊತ್ತಿನಲ್ಲಿ ಅವರಿಗೆ ನೋಡುವುದರ ಹೊರತು ಬೇರೆ ಕೆಲಸವೇ ಇರಲಿಲ್ಲವಲ್ಲ.

ನಾನಿರುವುದು ವಿಮಾ ಕಚೇರಿಯಲ್ಲಿ. ಬೆಂಕಿ ಅನಾಹುತದ ಅರ್ಜಿಗಳು ಬರುವುದು ನನ್ನ ಮೇಜಿಗೇ. ಬೆಂಕಿ ಕಂಡ ತಕ್ಷಣ ಏನು ಕ್ರಮ ಕೈಗೊಂಡಿರಿ ಎಂಬ ಜಾಗವನ್ನು ಖಾಲಿ ಬಿಟ್ಟವರ ಮೇಲೆ ನನಗೆ ಮೊದಲು ಬಹಳ ಸಿಟ್ಟಿತ್ತು. ಈಗ ಅವರೆಲ್ಲ ನನ್ನ ಬಂಧುಗಳ ಹಾಗೆ ಕಾಣುತ್ತಾರೆ. ರಾಮಕೃಷ್ಣನಗರದ ನಮ್ಮ ಮನೆಯಲ್ಲಿ ಇರುವವರು ಮೂವರು: ನಾನು, ಹೆಂಡತಿ ಸುಮನಾ, ಅವಳ ತಾಯಿ ರುಕ್ಮಿಣಿಯಮ್ಮ. ಅತ್ತೆ ಒಂಟಿಕೊಪ್ಪಲಿನ ಮನೆ ಬಿಟ್ಟು ನಮ್ಮಲ್ಲಿಗೆ ಬಂದಾಗ ಜೊತೆಗೆ ತಂದದ್ದು ಟ್ರಂಕು ತುಂಬ ಗೊಂಬೆಗಳು, ಗೋಣಿಚೀಲಗಳ ತುಂಬ ಕಾದಂಬರಿಗಳು. ಸೀರೆಗಳು ಒಂದು ಕೈಚೀಲದಲ್ಲಿ ಮುಗಿದಿದ್ದವು. ಅವರು ಹುರುಳಿಕಾಯಿ ನಾರು ತೆಗೆಯುತ್ತ ಓದುತ್ತಾರೆ, ಕುಕ್ಕರ್ ಕೂಗುವ ನಡುವೆ ಓದುತ್ತಾರೆ, ಕರೆಂಟ್ ಹೋದರೆ ಕಿಟಕಿಗೆ ಸರಿದು ಓದುತ್ತಾರೆ. ಗುರುತಿಗೆ ಕೈಗೆ ಸಿಕ್ಕಿದ್ದನ್ನು ಇಡುವುದು ಅಭ್ಯಾಸ. ಅವರು ಓದಿ ಕೊಟ್ಟ ಒಂದು ಪತ್ತೇದಾರಿ ಕಾದಂಬರಿಯಲ್ಲಿ ಕೊಲೆ ನಡೆದ ಪುಟ ಒಣಗಿದ ಕರಿಬೇವಿನ ವಾಸನೆ ಹೊಡೆಯುತ್ತಿತ್ತು. ನಾನು ಬಹಳ ಹೊತ್ತು ಅಡುಗೆಯವನನ್ನೇ ಅನುಮಾನಿಸಿದೆ.

ನವರಾತ್ರಿಯಲ್ಲಿ ಗೊಂಬೆ ಕೂರಿಸುವುದು ಅತ್ತೆಯ ಮುಖ್ಯ ಹಬ್ಬ. ಮೆಟ್ಟಿಲು ಕಟ್ಟಲು ಎರಡು ಹಳೆಯ ಬೆಂಚುಗಳಿದ್ದವು. ಹೋದ ವರ್ಷ ಅವನ್ನು ಅಟ್ಟದಿಂದ ಇಳಿಸಿದರೆ ಗೆದ್ದಲು ನಮಗಿಂತ ಮೊದಲೇ ಹಬ್ಬ ಮಾಡಿ ಮುಗಿಸಿತ್ತು. ಸುಮನಾ ಸೊಂಟಕ್ಕೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಪುಸ್ತಕದ ಬೀರುವಿನ ಕಡೆ ನೋಡಿದಳು. ಅಷ್ಟೇ. ನಮ್ಮ ತಂದೆಯ ದಪ್ಪ ಕಾನೂನು ಪುಸ್ತಕಗಳು ತಳದ ಮೆಟ್ಟಿಲಾದವು, ನನ್ನ ಕಾಲೇಜಿನ ಅಕೌಂಟೆನ್ಸಿ ಅದರ ಮೇಲೆ ಕೂತಿತು, ಅದರ ಮೇಲೆ ಅತ್ತೆಯ ಕಾದಂಬರಿಗಳು, ತುದಿಗೆ ದೀಪಾವಳಿ ವಿಶೇಷಾಂಕಗಳು. ಮೇಲೆ ಬಿಳಿ ಪಂಚೆ ಹಾಸಿದಳು. ಪಟ್ಟದ ಗೊಂಬೆಗಳಾದ ರಾಜ ರಾಣಿ ಮೇಲೆ ಹತ್ತಿ ಕೂತರು. ನಾನು ಹಿಂದೆ ಸರಿದು ನೋಡಿ, ಆ ಅಕೌಂಟೆನ್ಸಿ ಪುಸ್ತಕಗಳಿಂದ ನನ್ನ ಜೀವನದಲ್ಲಿ ಇಷ್ಟು ಉಪಯೋಗ ಆದದ್ದು ಇದೇ ಮೊದಲು ಎಂದು ಹೊಗಳಿದೆ. ಇಷ್ಟೆಲ್ಲ ನಡೆದಾಗ ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಎದ್ದು ಬಂದು ಕನ್ನಡಕ ಹಾಕಿಕೊಂಡು ಕಿಟಕಿ ಕಟ್ಟೆಯ ಮೇಲೆ ತಡಕಿದರು. ಅರ್ಧ ಓದಿಟ್ಟ ಕಾದಂಬರಿ ಅಲ್ಲಿರಲಿಲ್ಲ. ಅದು ಮೂರನೆಯ ಮೆಟ್ಟಿಲಿನಲ್ಲಿ ದಶಾವತಾರದ ಅಡಿಗೆ ಸೇರಿತ್ತು.

ಒಮ್ಮೆ ಕೂರಿಸಿದ ಗೊಂಬೆಗಳನ್ನು ವಿಜಯದಶಮಿಯ ತನಕ ಕದಲಿಸುವ ಹಾಗಿಲ್ಲ. ಅತ್ತೆ ಗೊಂಬೆಗಳ ಮುಂದೆ ಕುರ್ಚಿ ಹಾಕಿಕೊಂಡು ಮೂರನೆಯ ಮೆಟ್ಟಿಲನ್ನೇ ನೋಡುತ್ತ ಕೂರುತ್ತಿದ್ದರು. ಗೊಂಬೆ ನೋಡಲು ಬಂದವರು, ಏನು ಭಕ್ತಿ ಇವರದು, ಎಂದು ಸುಮನಾಳ ಹತ್ತಿರ ಪಿಸುಗುಡುತ್ತ ತಾಂಬೂಲ ತೆಗೆದುಕೊಂಡು ಹೋದರು.

ಹೀಗಿರುವಾಗ ಒಂದು ಸಂಜೆ ಸುಮನಾ ಹಿಂದಿನ ರಸ್ತೆಗೆ ಕುಂಕುಮಕ್ಕೆ ಹೋಗಿದ್ದಳು. ಗೊಂಬೆಗಳ ಮುಂದೆ ದೀಪ ಉರಿಯುತ್ತಿತ್ತು. ಅತ್ತೆ ಕುರ್ಚಿಯಲ್ಲಿ ಕೂತು, ಮರುದಿನದ ಉಸಲಿಗೆಂದು ದೊಡ್ಡ ಪಾತ್ರೆಯಲ್ಲಿ ನೆನೆಹಾಕಿದ ಕಡಲೆಯಿಂದ ತೇಲಿ ಬಂದ ಜೊಳ್ಳು ತೆಗೆಯುತ್ತಿದ್ದರು. ನಾನು ಎದುರಿನ ಸೋಫಾದಲ್ಲಿದ್ದೆ. ಅವರ ಎಡಗೈ ಮೆಲ್ಲಗೆ ಪಂಚೆಯ ಅಡಿಗೆ ಹೋದದ್ದನ್ನು ಕಂಡೆ. ಬೆನ್ನು ತಡವಿಯೇ ತಮ್ಮ ಪುಸ್ತಕವನ್ನು ಗುರುತಿಸಿದರು. ಹೊರಗೆಳೆದರು. ಪುಸ್ತಕ ಬಂತು. ಅದರ ಹಿಂದೆ ಮತ್ಸ್ಯಾವತಾರ ಬಂತು, ಕೂರ್ಮ ಬಂತು, ಆಮೇಲೆ ಮೆಟ್ಟಿಲೇ ಬಂತು. ವಿಶೇಷಾಂಕಗಳು ಜಾರಿದವು, ಪಂಚೆಯ ಅಂಚು ದೀಪದ ಮೇಲೆ ಬಿತ್ತು, ಬೆಂಕಿ ಹತ್ತಿಕೊಂಡಿತು. ಜ್ವಾಲೆ ಎದ್ದಿತು ನೋಡಿ, ಫ್ಯಾನಿನ ರೆಕ್ಕೆ ಮುಟ್ಟುವ ಹಾಗೆ! ಅತ್ತೆಯ ಸೆರಗಿಗೂ ಅದಕ್ಕೂ ನಡುವೆ ಒಂದು ಗೇಣು. ನಾನು ಎದ್ದು ನಿಂತೆ. ನನ್ನ ಮನಸ್ಸಿನಲ್ಲಿ ಆಗ ಬಂದದ್ದು, ಇದನ್ನು ಯಾವ ವರ್ಗದ ಅನಾಹುತಕ್ಕೆ ಸೇರಿಸಬೇಕು ಎಂಬ ಪ್ರಶ್ನೆ.

“ಅಳಿಯಂದ್ರೆ, ಸ್ವಲ್ಪ ಈ ಕಡೆ ಬಂದ್ಬುಡಿ,” ಎಂದರು ಅತ್ತೆ. ದಾರಿಯಲ್ಲಿ ಸೌತೆಕಾಯಿ ಗಾಡಿ ಬಂದರೆ ಹೇಳುವ ದನಿ ಅದು. ನಾನು ಸರಿದೆ. ಅವರು ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಪಾತ್ರೆ ಎತ್ತಿ, ಕಡಲೆಕಾಳು ನೀರು ಎಲ್ಲವನ್ನೂ ಉರಿಯುವ ಪಂಚೆಯ ಮೇಲೆ ಒಂದೇ ಸಲ ಸುರಿದರು. ಬುಸ್ ಎಂದು ಹೊಗೆ ಎದ್ದಿತು, ಬೆಂಕಿ ಆರಿತು. ವಾಮನನ ಕೊಡೆಯ ತುಂಬ ಕಡಲೆ. ರಾಜನ ಪೇಟದ ತುದಿ ಕರಕಲು. ರಾಣಿಗೆ ಮುಖವೆಲ್ಲ ಮಸಿ. ಅಷ್ಟರಲ್ಲಿ ಬಾಗಿಲಿಗೆ ಬಂದು ಬೆಪ್ಪಾಗಿ ನಿಂತ ಮಗಳಿಗೆ ಅತ್ತೆ ಹೇಳಿದ್ದು ಇಷ್ಟೇ: “ನಾಳೆಗೆ ಬೇರೆ ಕಾಳು ನೆನೆಹಾಕ್ಬೇಕು ಕಣೇ.”

ಅವರ ಪಾಲಿಗೆ ಪ್ರಸಂಗ ಅಲ್ಲಿಗೆ ಮುಗಿಯಿತು. ನನ್ನ ಪಾಲಿಗೆ ಅಲ್ಲಿಂದ ಶುರುವಾಯಿತು. ಹಲ್ಲುಜ್ಜುವಾಗ ಆ ಪಂಚೆಯ ಅಂಚು ಕಣ್ಣೆದುರು ಜಾರುತ್ತದೆ. ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಾಗ ಆ ಸೆರಗು, ಆ ಒಂದು ಗೇಣು. ಮರುದಿನ ಅತ್ತೆ ನನಗೆ ಕಾಫಿ ಕೊಡುವಾಗ ಬಳೆಗಳು ಹಿಂದೆ ಸರಿದವು. ಮಣಿಕಟ್ಟಿನ ಮೇಲೆ ಒಂದು ಬೊಬ್ಬೆ ಎದ್ದಿತ್ತು. ನಾನು ನೋಡಿದ್ದನ್ನು ಅವರು ನೋಡಿ, ಬಳೆಗಳನ್ನು ಮುಂದಕ್ಕೆ ಜಾರಿಸಿಕೊಂಡರು. ಸಕ್ಕರೆ ಸಾಕಾ ಎಂದು ಕೇಳಿದರು.

ಸುಮನಾ ಮಾತ್ರ ಬಿಡಲಿಲ್ಲ. ಅಷ್ಟು ಅವಸರ ಏನಿತ್ತು, ನಾಲ್ಕು ದಿನ ಬೇರೆ ಪುಸ್ತಕ ಓದುವುದಕ್ಕಾಗುತ್ತಿರಲಿಲ್ಲವೇ ಎಂದು ತಾಯಿಯನ್ನು ತರಾಟೆಗೆ ತೆಗೆದುಕೊಂಡಳು. ಆಗ ಅತ್ತೆ ಬಾಯಿಬಿಟ್ಟರು. “ಬೇರೇದು ಕಾಣಲ್ಲ ಕಣೇ. ಅಕ್ಷರ ಎಲ್ಲ ಇರುವೆ ಸಾಲಿನ ಥರ ಹರಿದೋಗುತ್ತೆ. ಇದೊಂದ್ರಲ್ಲೇ ಸ್ವಲ್ಪ ದಪ್ಪ ಇರೋದು. ಗೊಂಬೆ ಮುಂದೆ ಬೆಳಕೂ ಜೋರಾಗಿತ್ತು.” ಕಣ್ಣಿನ ಪೊರೆ ತೆಗೆಸಿದ ಮೇಲೂ ಹಾಗೆಯೇ ಇದೆಯಂತೆ. ಹೇಳಿದರೆ ಓದಬೇಡ ಎಂದುಬಿಡುತ್ತಾರೇನೋ ಎಂಬ ಭಯಕ್ಕೆ ಅವರು ತಿಂಗಳುಗಟ್ಟಲೆ ಪುಸ್ತಕವನ್ನು ಸುಮ್ಮನೆ ತೆರೆದು ಹಿಡಿದುಕೊಂಡು ಕೂರುತ್ತಿದ್ದರು. ನಾವಿಬ್ಬರೂ ಅವರು ಓದುತ್ತಿದ್ದಾರೆಂದು ಟಿವಿಯ ದನಿ ತಗ್ಗಿಸುತ್ತಿದ್ದೆವು. ಆ ಕ್ಷಣ ನನಗೆ ಬೆಂಕಿಗಿಂತ ಹೆಚ್ಚು ಭಯವಾಯಿತು. ಓದದ ಅತ್ತೆ ನಮ್ಮ ಮನೆಯಲ್ಲಿ ಹೇಗಿರುತ್ತಾರೆ ಎಂಬುದು ನಮಗೆ ಊಹೆಗೂ ಸಿಕ್ಕಲಿಲ್ಲ.

ಅಕ್ಷರ ದೊಡ್ಡದು ಮಾಡಿಕೊಳ್ಳುವ ಸಾಧನವೊಂದು ತರಬೇಕೆಂದು ತೀರ್ಮಾನವಾಯಿತು. ಯಾವುದು ಎಂದು ನೋಡುವ ಕೆಲಸ ನನಗೆ ಬಂತು. ನಾನು ಕೂಲಂಕಷವಾಗಿ ನೋಡುವವನು. ಒಂದು ಬಕೆಟ್ ಕೊಳ್ಳುವುದಕ್ಕೂ ಹತ್ತು ಜನರ ಅಭಿಪ್ರಾಯ ಕೇಳುತ್ತೇನೆ. ವಿದ್ಯಾರಣ್ಯಪುರಂನಲ್ಲಿರುವ ಸುಮನಾಳ ಅಕ್ಕನಿಂದ ಟ್ಯಾಬ್ ಒಂದನ್ನೂ, ಸಹೋದ್ಯೋಗಿಯೊಬ್ಬರಿಂದ ಇ-ರೀಡರ್ ಒಂದನ್ನೂ ಪರೀಕ್ಷೆಗೆಂದು ತಂದೆ. ವಾಪಸು ಕೊಡಿ ಎಂದು ಅವರು ಮೊದಮೊದಲು ಕೇಳುತ್ತಿದ್ದರು. ಆಮೇಲೆ ಬಿಟ್ಟುಬಿಟ್ಟರು. ಕೇಳಿದಾಗಲೆಲ್ಲ ನಾನು ಕಡಲೆಯ ಕತೆ ಶುರು ಮಾಡುತ್ತಿದ್ದೆ.

ಟ್ಯಾಬ್‌ನ ಪರವಾಗಿ ಹೇಳಬೇಕಾದ್ದು ಬಹಳವಿದೆ. ಬಣ್ಣ ಬಣ್ಣದ ರಕ್ಷಾಪುಟ ಕಾಣುತ್ತದೆ. ಕನ್ನಡದ ಪುಸ್ತಕಗಳು ಅದರಲ್ಲಿ ಹೆಚ್ಚು ಸಿಗುತ್ತವೆ. ಅಕ್ಷರವನ್ನು ಎರಡು ಬೆರಳಲ್ಲಿ ಹಿಗ್ಗಿಸಿದರೆ ಒಂದು ಒತ್ತಕ್ಷರವೇ ಅಂಗೈಯಷ್ಟಾಗುತ್ತದೆ. ಅತ್ತೆ ಮೊದಲ ದಿನ ಮಗುವಿನ ಹಾಗೆ ಹಿಗ್ಗಿದರು. ಆದರೆ ಟ್ಯಾಬ್‌ಗೆ ನೆಂಟರಿಷ್ಟರು ಹೆಚ್ಚು. ನಾಯಕಿ ರೈಲು ಹತ್ತಿ ಕೂತಿದ್ದಾಳೆ, ಇನ್ನೇನು ಕಿಟಕಿಯಿಂದ ತಿರುಗಿ ನೋಡಬೇಕು, ಆಗ ದೊಡ್ಡ ಮಗಳು ಪರದೆಯ ತುಂಬ ಪ್ರತ್ಯಕ್ಷವಾಗಿ, ಅಮ್ಮಾ ಊಟ ಆಯ್ತಾ ಎನ್ನುತ್ತಾಳೆ. ಅವಳು ಹೋದ ಮೇಲೆ ಯಾರೋ ಬೆಂಡೆಕಾಯಿ ಗೊಜ್ಜು ಮಾಡಿ ತೋರಿಸುತ್ತಾರೆ. ಗೊಜ್ಜು ಮುಗಿಯುವಷ್ಟರಲ್ಲಿ ರೈಲು ಹೋಗಿರುತ್ತದೆ. ಮಲಗಿಕೊಂಡು ಓದುವಾಗ ಅದು ಕೈಜಾರಿ ಒಮ್ಮೆ ಮೂಗಿನ ಮೇಲೆ ಬಿತ್ತು. ಅತ್ತೆ ಎದ್ದು ಕೂತು ಮೂಗುಬೊಟ್ಟು ಸರಿಮಾಡಿಕೊಂಡು, ಕಣ್ಣೂ ಬೇಗ ಉರಿಯುತ್ತೆ ಎಂದು ಮೆಲ್ಲಗೆ ಹೇಳಿದರು. ದೂರಿದ ಹಾಗೆ ಆಗಬಾರದೆಂದು, ಗೊಜ್ಜು ಮಾತ್ರ ಚೆನ್ನಾಗಿತ್ತು ಎಂದು ಸೇರಿಸಿದರು.

ಇ-ರೀಡರ್ ಬೂದು ಬಣ್ಣದ ಸಪ್ಪೆ ವಸ್ತು. ಎಡಗೈಯಲ್ಲಿ ಹಿಡಿದರೆ ಹಪ್ಪಳದ ತೂಕ. ಅದರ ಹಾಳೆ ಹೊಳೆಯುವುದಿಲ್ಲ, ಹಳೆಯ ಕಾಗದದ ಹಾಗೆ ತಣ್ಣಗಿರುತ್ತದೆ. ಬಿಸಿಲಿಗೆ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದಕ್ಕೆ ಬೇರೆ ಏನು ಬರುತ್ತೆ ಎಂದು ಕೇಳಿದರು. ಓದಿಸುವುದು ಬಿಟ್ಟು ಏನೂ ಬರುವುದಿಲ್ಲ ಎಂದೆ. ಫೋನೂ ಇಲ್ಲ, ಹಾಡೂ ಇಲ್ಲ. “ಪಾಪ,” ಎಂದರು. ಅಕ್ಷರವನ್ನು ಹಂತ ಹಂತವಾಗಿ ದೊಡ್ಡದು ಮಾಡುವುದನ್ನು ತೋರಿಸಿಕೊಟ್ಟೆ. ಅವರಿಗೆ ಬೇಕಾದ ಹಂತ ಸಿಕ್ಕಿದ ಮೇಲೆ ನನ್ನ ಕಡೆ ತಿರುಗಲಿಲ್ಲ. ನಾನು ಇನ್ನೂ ಬ್ಯಾಟರಿಯ ವಿಷಯ ಹೇಳುತ್ತಲೇ ಇದ್ದೆ. ಆ ಮಧ್ಯಾಹ್ನ ಕುಕ್ಕರ್ ಎಷ್ಟು ಸಲ ಕೂಗಿತೋ ನಮಗೆ ಯಾರಿಗೂ ಗೊತ್ತಿಲ್ಲ, ಬೇಳೆ ಮುದ್ದೆಯಾಗಿತ್ತು. ಸುಮನಾ ಬಯ್ಯಲಿಲ್ಲ. ಅದನ್ನೇ ಖುಷಿಯಾಗಿ ಬಡಿಸಿದಳು.

ಅಲ್ಲಿಗೆ ವಿಷಯ ಇತ್ಯರ್ಥವಾಯಿತು ಎಂದು ಬೇರೆಯವರಾಗಿದ್ದರೆ ಹೇಳುತ್ತಿದ್ದರು. ನಾನು ಹೇಳಲಿಲ್ಲ. ಕನ್ನಡದ ಪುಸ್ತಕಗಳು ಇದಕ್ಕೆ ಕಡಿಮೆ, ಅದಕ್ಕೆ ಹೆಚ್ಚು. ಇದು ಕಣ್ಣಿಗೆ ಒಳ್ಳೆಯದು, ಅದರಲ್ಲಿ ಮಗಳು ಕಾಣುತ್ತಾಳೆ. ಹೀಗೆ ತೂಗುತ್ತ ತೂಗುತ್ತ ಮತ್ತೆ ನವರಾತ್ರಿಯೇ ಬಂತು. ಗೊಂಬೆಗಳು ಈ ಸಲ ಕಬ್ಬಿಣದ ಮೆಟ್ಟಿಲು ಹತ್ತಿದವು. ರಾಜ ಕರಕಲು ಪೇಟದಲ್ಲೇ ಪಟ್ಟಕ್ಕೆ ಕೂತ. ದೀಪದ ಪಕ್ಕದಲ್ಲಿ ನಾನು ಒಂದು ಬಕೆಟ್ ನೀರಿಟ್ಟೆ. ಬಂದವರೆಲ್ಲ ಅದು ಕಾವೇರಿ ಪೂಜೆಯೇ ಎಂದು ಕೇಳಿ ಕೈಮುಗಿದರು.

ಸರಸ್ವತಿ ಪೂಜೆಯ ದಿನ ಪುಸ್ತಕಗಳನ್ನು ಪೂಜೆಗೆ ಇಡುತ್ತೇವೆ. ಇಟ್ಟ ಮೇಲೆ ದೇವಿಯನ್ನು ಕಳಿಸಿಕೊಡುವ ತನಕ ಓದುವ ಹಾಗಿಲ್ಲ. ಸುಮನಾ ಎರಡೂ ಸಾಧನಗಳನ್ನು ಕೈಯಲ್ಲಿ ಹಿಡಿದುಕೊಂಡು ಬಂದು, ಇವುಗಳಲ್ಲಿ ಯಾವುದನ್ನು ಇಡಬೇಕು ಎಂದು ತಾಯಿಯನ್ನು ಕೇಳಿದಳು. ನಾನು ಒಂದು ವರ್ಷ ತೂಗಿದ್ದನ್ನು ಅತ್ತೆ ಒಂದು ನಿಮಿಷವೂ ತೂಗಲಿಲ್ಲ. “ಟ್ಯಾಬನ್ನ ಆಯುಧಪೂಜೆಗೆ ಸ್ಕೂಟರ್ ಜೊತೆ ಇಡು. ಇದು ಪುಸ್ತಕ. ಪಾಪ, ಇದಕ್ಕೆ ಬೇರೆ ಏನೂ ಬರಲ್ಲ,” ಎಂದು ಇ-ರೀಡರನ್ನು ತೆಗೆದುಕೊಂಡು ಪುಸ್ತಕಗಳ ಮೇಲಿಟ್ಟು, ಅಂಚಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಇಟ್ಟರು. ಅದು ನನ್ನ ಸಹೋದ್ಯೋಗಿಯದು ಎಂದು ನೆನಪಿಸಿದೆ. ಪೂಜೆಗೆ ಕೂತ ಮೇಲೆ ಅದು ಈ ಮನೆಯದೇ, ಅವರಿಗೆ ಹೊಸದು ತಂದುಕೊಡಿ ಎಂದರು.

ಆಗ ನನಗೆ ಹೊಳೆಯಿತು. ಅವರು ಓದುತ್ತಿದ್ದ ಕಾದಂಬರಿಯಲ್ಲಿ ಕೊನೆಯ ಅಧ್ಯಾಯಗಳು ಬಾಕಿಯಿದ್ದವು. ಬೀಗ ಹಾಕಿದ ಮನೆಯೊಳಗಿಂದ ಹೆಣ ಸಿಕ್ಕಿತ್ತು, ಕೊಂದವರು ಸಿಕ್ಕಿರಲಿಲ್ಲ. ಹೋದ ವರ್ಷ ಇಂಥದ್ದೇ ಆತುರಕ್ಕೆ ಮೆಟ್ಟಿಲು ಬಿದ್ದದ್ದು. ಅದೇ ಕಾದಂಬರಿ ಟ್ಯಾಬ್‌ನಲ್ಲೂ ಇದೆ, ನೀವೇ ಹೇಳಿದ ಹಾಗೆ ಅದು ಪುಸ್ತಕವಲ್ಲ, ಅದರಲ್ಲಿ ಓದಿದರೆ ದೋಷವಿಲ್ಲ ಎಂದು ವಿಮಾ ಕಚೇರಿಯವನ ಬುದ್ಧಿಯಲ್ಲಿ ದಾರಿ ತೋರಿಸಿದೆ. ಅತ್ತೆ ನನ್ನನ್ನು ಕನಿಕರದಿಂದ ನೋಡಿದರು. “ಪುಸ್ತಕ ಪೂಜೇಲಿ ಕೂತಿರೋವಾಗ ಅದರ ಕತೇನ ಹಿಂಬಾಗಿಲಿಂದ ಕರೆಸ್ಕೊಳ್ಳೋದಾ? ಚೆನ್ನಾಗಿರಲ್ಲ, ಅಳಿಯಂದ್ರೆ.” ಕಣ್ಣು ಕಾಣದೆ ತಿಂಗಳುಗಟ್ಟಲೆ ಸುಮ್ಮನೆ ಪುಸ್ತಕ ಹಿಡಿದು ಕೂತಿದ್ದವರು. ಈಗ ಕಾಣುವಾಗ, ಕೊಲೆಗಾರ ಇನ್ನೇನು ಸಿಕ್ಕಿಬೀಳುವಾಗ, ತಾವಾಗಿಯೇ ಎತ್ತಿಟ್ಟು ಕೈಕಟ್ಟಿ ಕೂತರು. ನನಗಂತೂ ಆಗುತ್ತಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಮೂವರೂ ಗೊಂಬೆಗಳ ಮುಂದೆ ಕೂತೆವು. ಅತ್ತೆಯ ಬೆರಳುಗಳು ಮಡಿಲಲ್ಲಿ ಪುಟ ತಿರುಗಿಸುವ ಹಾಗೆ ಆಡುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, ಓದುವುದಕ್ಕಂತೂ ಇಲ್ಲ, ನೀವೇ ಆ ಬೆಂಕಿ ಕತೆ ಹೇಳಿ ಎಂದರು. ಒಂದು ವರ್ಷದಲ್ಲಿ ನನ್ನನ್ನು ಆ ಕತೆ ಹೇಳಿ ಎಂದು ಕೇಳಿದ ಮೊದಲನೆಯ ವ್ಯಕ್ತಿ ಅವರು. ನಾನು ಸೋಫಾದ ತುದಿಗೆ ಸರಿದು ಕೂತೆ. ಮತ್ಸ್ಯಾವತಾರ ಬಿತ್ತು, ಕೂರ್ಮ ಬಿತ್ತು, ಪಂಚೆ ಜಾರಿತು. ಜ್ವಾಲೆ ಫ್ಯಾನಿನ ರೆಕ್ಕೆ ಮುಟ್ಟುವ ಜಾಗಕ್ಕೆ ಬಂದಾಗ ಅತ್ತೆ ಕೈಯೆತ್ತಿ ನಿಲ್ಲಿಸಿದರು.

“ಹೋದ ದಸರಾದಲ್ಲಿ ಅದು ಗೇಣುದ್ದ ಇತ್ತು. ಸಂಕ್ರಾಂತಿಗೆ ಮೊಣಕಾಲಿಗೆ ಬಂತು. ಈಗ ಫ್ಯಾನ್ ಮುಟ್ತಾ ಇದೆ. ನಿಮ್ಮಲ್ಲೂ ದೊಡ್ಡದು ಮಾಡ್ಕೊಳ್ಳೋದು ಇದ್ದಂಗಿದೆ, ಆ ಇ-ರೀಡರ್ ಥರ.”

ಸುಮನಾ ಸೆರಗು ಬಾಯಿಗಿಟ್ಟುಕೊಂಡಳು. ನಾನು ಎದುರಿಗಿದ್ದ ರಾಜನನ್ನು ನೋಡಿದೆ. ಪೇಟದ ತುದಿ ಕರಕಲಾದವನೂ ನನ್ನ ಪರವಾಗಿ ಸಾಕ್ಷಿ ಹೇಳುವ ಹಾಗೆ ಕಾಣಲಿಲ್ಲ.

“ನಿಲ್ಲಿಸ್ಬೇಡಿ,” ಎಂದರು ಅತ್ತೆ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು. “ದೊಡ್ಡದಾಗಿದ್ರೇನೇ ನಂಗೆ ಚೆನ್ನಾಗಿ ಕಾಣೋದು.”

ನಾನು ಜ್ವಾಲೆಯನ್ನು ಒಂದು ಹಂತ ಇಳಿಸಿ, ಕಡಲೆ ನೆನೆಹಾಕಿದಲ್ಲಿಂದ ಮತ್ತೆ ಶುರು ಮಾಡಿದೆ.